ಮಿಸ್ರಿ ಬಿಟ್ಟವಳು

ನಮ್ಮ ಅತ್ತೆ ಕಸ್ತೂರೆವ್ವನ ಮೇಲೆ ನನಗೆ ದಿನಕ್ಕೆ ಹತ್ತು ಸಲ ಸಿಟ್ಟು ಬರುತ್ತಿತ್ತು. ಅಡುಗೆಗೆ ಉಪ್ಪು ಜಾಸ್ತಿಯಾದರೆ ನನ್ನ ತವರೂರು ತೆಲಸಂಗದ ನೀರಿನ ತನಕ ಬೈಯುತ್ತಿದ್ದಳು. ಆದರೆ ಬೆಳಿಗ್ಗೆ ಮಿಸ್ರಿ ಹಚ್ಚುವ ಹೊತ್ತಿಗೆ ನಾವಿಬ್ಬರೂ ಗೆಳತಿಯರು.

ಮಿಸ್ರಿ ಎಂದರೆ ತಂಬಾಕಿನ ಎಲೆಯನ್ನು ರೊಟ್ಟಿಯ ಹಂಚಿನ ಮೇಲೆ ಕರ್ರಗೆ ಹುರಿದು, ಅಂಗೈಯಲ್ಲಿ ತಿಕ್ಕಿ ಮಾಡುವ ಪುಡಿ. ಅದನ್ನು ಬೆರಳಿನಿಂದ ಹಲ್ಲಿಗೆ, ವಸಡಿಗೆ ತಿಕ್ಕಿಕೊಂಡು ಕೂತರೆ ಅರ್ಧ ತಾಸು ಲೋಕದ ಪರಿವೆ ಇರುವುದಿಲ್ಲ. ದಿಗ್ಗೇವಾಡಿಯ ಹೆಂಗಸರಿಗೆ ಆ ಅರ್ಧ ತಾಸು ಹಕ್ಕಿನದು. ಗಂಡಸರು ಚಹಾ ಕೇಳಿದರೂ, ಎಮ್ಮೆ ಹಗ್ಗ ಹರಿದುಕೊಂಡರೂ, ಮಿಸ್ರಿ ಹಚ್ಚುತ್ತಿದ್ದಾಳೆ ಎಂದರೆ ಮುಗಿಯಿತು, ಯಾರೂ ಕರೆಯುತ್ತಿರಲಿಲ್ಲ. ಬಾಯಿ ತುಂಬ ಕಪ್ಪು ಇಟ್ಟುಕೊಂಡು ಹಿತ್ತಲಿನ ಕಲ್ಲಿನ ಮೇಲೆ ಕೂತ ಹೆಂಗಸಿನಷ್ಟು ಸುಖಿ ನಮ್ಮೂರಲ್ಲಿ ಬೇರೆ ಯಾರೂ ಇರಲಿಲ್ಲ. ನೀರಾವರಿ ಸಾಹುಕಾರರೂ ಇಲ್ಲ.

ನಾನು ಮದುವೆಯಾಗಿ ಬಂದದ್ದು ಎಂಬತ್ತಮೂರರಲ್ಲಿ. ಆಗ ನನಗೆ ಆ ವಾಸನೆಯೇ ಆಗುತ್ತಿರಲಿಲ್ಲ. ಮರುವರ್ಷ ಬಸಿರಾದೆ. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದು. ಅತ್ತೆ ಮೂರು ದಿನ ನೋಡಿದಳು, ನಾಲ್ಕನೇ ದಿನ ತನ್ನ ಡಬ್ಬಿ ತೆರೆದು ಒಂದು ಚಿಟಿಕೆ ನನ್ನ ಅಂಗೈಗೆ ಹಾಕಿದಳು. ತನ್ನ ಐದೂ ಬಸಿರಿನಲ್ಲಿ ಅದನ್ನೇ ಹಚ್ಚಿದ್ದಾಗಿಯೂ, ಕೂಸು ಸಣ್ಣದಾಗಿ ಹೆರಿಗೆ ಹಗುರಾಗುವುದೆಂದೂ ಹೇಳಿದಳು. ಮೊದಲ ದಿನ ತಲೆ ತಿರುಗಿ ಗೋಡೆ ಹಿಡಿದೆ. ಆದರೆ ವಾಂತಿ ನಿಂತಿತು. ಎಂಟು ದಿನದಲ್ಲಿ ನಾನೇ ಅತ್ತೆಗಿಂತ ಮುಂಚೆ ಎದ್ದು ಕಲ್ಲಿನ ಮೇಲೆ ಜಾಗ ಹಿಡಿಯತೊಡಗಿದೆ.

ಏಳನೇ ತಿಂಗಳಲ್ಲಿ ನಮ್ಮವರು, ಅಂದರೆ ನನ್ನ ಗಂಡ ರಾವಸಾಹೇಬರು, ನನ್ನನ್ನೂ ಅತ್ತೆಯನ್ನೂ ಸೈಕಲ್ ಮೋಟಾರಿನ ಮೇಲೆ ಒಬ್ಬೊಬ್ಬರನ್ನಾಗಿ ರಾಯಬಾಗದ ಡಾಕ್ಟರಮ್ಮನ ಹತ್ತಿರ ಕರೆದೊಯ್ದರು. ಆಕೆ ನನ್ನ ಹಲ್ಲು ನೋಡಿದಳು, ಹೊಟ್ಟೆ ಅಳೆದಳು. ಕೂಸು ಬೆಳೆದಿಲ್ಲ, ಈ ಪುಡಿ ಇವತ್ತೇ ಬಿಡಬೇಕು, ಹೆತ್ತ ಮೇಲೂ ಮುಟ್ಟಬಾರದು, ಹಾಲಿನಲ್ಲಿ ಇಳಿಯುತ್ತದೆ ಎಂದಳು. ಅತ್ತೆಯ ಮುಖ ಸಣ್ಣದಾಯಿತು. ಮನೆಗೆ ಬಂದವಳೇ ಡಬ್ಬಿಯನ್ನು ಒಲೆಗೆ ಸುರಿದಳು. ಎದುರಿಗಿದ್ದರೆ ನನಗೆ ಆಸೆಯಾಗುತ್ತದೆಂದು ತಾನೂ ಬಿಟ್ಟಳು. ನಲವತ್ತು ವರ್ಷದ ಚಟ ಅದು. ತಲೆಗೆ ಬಟ್ಟೆ ಕಟ್ಟಿಕೊಂಡು, ಸಿಕ್ಕವರ ಮೇಲೆ ಹರಿಹಾಯುತ್ತ ಹದಿನೈದು ದಿನ ಕಳೆದಳು. ಆದರೆ ಮತ್ತೆ ಮುಟ್ಟಲಿಲ್ಲ.

ನಾನು ಮುಟ್ಟಿದೆ. ಮೂರು ದಿನ ತಡೆದದ್ದೇ ಹೆಚ್ಚು. ಪಕ್ಕದ ಮನೆಯ ಲಕ್ಕವ್ವನ ಹತ್ತಿರ ಕಾಗದದ ಪೊಟ್ಟಣದಲ್ಲಿ ಇಸಿದುಕೊಂಡು, ಕಬ್ಬಿನ ಹೊಲದ ಬದುವಿನಲ್ಲಿ ಕೂತು ಹಚ್ಚುತ್ತಿದ್ದೆ. ಆಮೇಲೆ ಲವಂಗ ಅಗಿದು ಮನೆಗೆ ಬರುತ್ತಿದ್ದೆ. ಇಷ್ಟರಲ್ಲಿ ಏನಾಗುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಎಂಟನೇ ತಿಂಗಳಿಗೇ ಗಂಡು ಕೂಸು ಹುಟ್ಟಿತು. ಅಂಗೈ ಎರಡು ಜೋಡಿಸಿದರೆ ಅದರಲ್ಲಿ ಹಿಡಿಸುತ್ತಿತ್ತು. ತವರಿನಲ್ಲಿ ನನಗೆ ತಾಯಿ ಇರಲಿಲ್ಲ, ಬಾಣಂತನ ಅತ್ತೆಯದೇ. ಆಕೆ ಕೂಸನ್ನು ಅರಳೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡೇ ಕೂರುತ್ತಿದ್ದಳು, ಹಾಲು ಚೀಪಲಾರದ ಬಾಯಿಗೆ ಹತ್ತಿಯ ಬತ್ತಿಯಿಂದ ಹನಿ ಹಾಕುತ್ತಿದ್ದಳು. ಅವಳು ನೀರು ಕಾಯಿಸಲು ಹಿತ್ತಲಿಗೆ ಹೋದಾಗ ನಾನು ಮಲಗಿದ್ದ ಹೊರಸಿನ ಕೆಳಗಿನ ಪೊಟ್ಟಣ ತೆಗೆಯುತ್ತಿದ್ದೆ. ಹೌದು, ಬಾಣಂತಿ ಕೋಣೆಯಲ್ಲೇ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಹತ್ತೊಂಬತ್ತನೇ ದಿನ ಕೂಸು ಹೋಯಿತು.

ಮಣ್ಣು ಮಾಡಿ ಬಂದು ನಮ್ಮವರು ಕೋಣೆಯ ಬಾಗಿಲಲ್ಲಿ ನಿಂತರು. ನನ್ನ ಕಡೆ ನೋಡಲಿಲ್ಲ, ತಾಯಿಯ ಕಡೆ ನೋಡಿದರು.

“ನಿನ್ನ ಚಟಾ ನನ್ನ ಮಗನ್ನ ತಿಂತು” ಎಂದರು.

“ಹೌದಪಾ” ಎಂದಳು ಅತ್ತೆ. “ನನ್ನ ಕೈಯಿಂದನ ಆತು. ನಾನss ಹಚ್ಚಾಕ ಕಲಿಸಿದ್ನಿ.”

ನಾನು ಬಾಯಿ ತೆರೆಯಬೇಕಾಗಿತ್ತು. ಆಗ ನನ್ನ ವಸಡಿನಲ್ಲಿ ಮಿಸ್ರಿ ಇತ್ತು. ತೆರೆದರೆ ವಾಸನೆ ಬರುತ್ತದೆಂದು ಸೆರಗನ್ನು ಬಾಯಿಗೆ ಒತ್ತಿ ಹಿಡಿದೆ. ಮಗ ಸತ್ತ ದುಃಖ ಎಂದು ಎಲ್ಲರೂ ತಿಳಿದರು.

ಅಂದಿನಿಂದ ಅವರು ತಾಯಿಯನ್ನು ಅವ್ವಾ ಎಂದು ಕರೆಯಲಿಲ್ಲ. ಕೆಟ್ಟ ಮಗನೇನಲ್ಲ. ಆಕೆಗೆ ಸೀರೆ ತಂದರು, ಮಂಡಿನೋವಿಗೆ ಚಿಕ್ಕೋಡಿಯಿಂದ ಔಷಧ ತಂದರು. ಆದರೆ ಎಲ್ಲವೂ ನನ್ನ ಕೈಯಿಂದಲೇ ಹೋಗಬೇಕು. ಆಕೆ ಬಡಿಸಿದರೆ ಗಂಗಾಳ ಸರಿಸಿ ಎದ್ದುಬಿಡುತ್ತಿದ್ದರು. ಹೀಗಾಗಿ ಅತ್ತೆ ರೊಟ್ಟಿ ಬಡಿದು ಇಟ್ಟು, ಮಗನ ಊಟದ ಹೊತ್ತಿಗೆ ದನದ ಕೊಟ್ಟಿಗೆಗೆ ಹೋಗಿ ಕೂರುತ್ತಿದ್ದಳು.

ಮೂರು ವರ್ಷದ ಮೇಲೆ ಮಗಳು ಹುಟ್ಟಿದಳು. ಆ ಬಸಿರಿನಲ್ಲಿ ನಾನು ನಿಜವಾಗಿ ಬಿಟ್ಟೆ. ಬಿಟ್ಟಾಗಲೇ ತಿಳಿಯಿತು, ಅತ್ತೆ ಆ ಹದಿನೈದು ದಿನ ಏನು ಅನುಭವಿಸಿದ್ದಳೆಂದು. ಕೂಸು ಗುಂಡುಗುಂಡಾಗಿತ್ತು. ನಮ್ಮವರು, ಕೂಸಿಗೆ ಎರೆಯಲು ಲಕ್ಕವ್ವ ಬರುತ್ತಾಳೆ ಎಂದರು. ಮೊಮ್ಮಗಳಿಗೆ ನೀರು ಹಾಕುವುದು ಅಜ್ಜಿಯ ಕೆಲಸ. ಆ ಅಜ್ಜಿ ಹಂಡೆಯ ಒಲೆಗೆ ಉರಿ ಹಾಕಿ, ನೀರು ಹದ ಮಾಡಿ ಕೊಟ್ಟು, ಬಾಗಿಲಾಚೆ ನಿಂತು ನೋಡುತ್ತಿದ್ದಳು. ಲಕ್ಕವ್ವ ಚಾಚಿದ ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುವಾಗ, ಅತ್ತೆಯ ಕೈಬೆರಳುಗಳೂ ತಮ್ಮಷ್ಟಕ್ಕೆ ಆಡುತ್ತಿದ್ದವು. ಆಗಲೂ ನಾನು ಸುಮ್ಮನಿದ್ದೆ. ನನಗೆ ಮಿಸ್ರಿ ಕೊಟ್ಟ ಲಕ್ಕವ್ವನೂ ಸುಮ್ಮನಿದ್ದಳು.

ತೊಂಬತ್ತೈದರ ಸುಗ್ಗಿಯಲ್ಲಿ ಒಂದು ಮಧ್ಯಾಹ್ನ ಇಬ್ಬರೇ ಜೋಳ ಹಸನು ಮಾಡುತ್ತ ಕೂತಿದ್ದೆವು. ಅತ್ತೆ ತೀರ ಸೊರಗಿದ್ದಳು. ಮೊರ ಹಿಡಿದ ಅವಳ ಕೈ ನೋಡಿ ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಕಬ್ಬಿನ ಬದು, ಲವಂಗ, ಹೊರಸಿನ ಕೆಳಗಿನ ಪೊಟ್ಟಣ.

ಅವಳು ಕೇರುವುದನ್ನು ನಿಲ್ಲಿಸಲಿಲ್ಲ. “ಗೊತ್ತಿತ್ತವಾ” ಎಂದಳು. “ನಲವತ್ತ ವರ್ಷ ಹಚ್ಚಿದಾಕಿಗಿ ವಾಸನಿ ತಿಳೀದಂಗ ಇರತೈತೇನು?”

ಹಾಗಾದರೆ ಮಗನಿಗೆ ಯಾಕೆ ಹೇಳಲಿಲ್ಲವೆಂದು ಕೇಳಿದೆ.

“ನೀ ಹಸಿ ಬಾಣಂತಿ. ಸಿಟ್ಟಿನ್ಯಾಗ ಅವ ನಿನ್ನ ಹೊರಗ ಹಾಕತಿದ್ದ. ತವರಿನ್ಯಾಗ ನಿನಗ ಯಾರದಾರ? ನಾ ಹಡದಾಕಿ. ನನ್ನ ಎಲ್ಲಿಗಿ ಅಟ್ಟತಾನ?” ಮೊರ ಕೆಳಗಿಟ್ಟಳು. “ಆದ್ರ ಈಗ ಒಮ್ಮಿ ಹೇಳು ರುಕ್ಮಾ. ನಾ ಇರೂದ್ರಾಗ ಹೇಳು. ಅವ ನನ್ನ ಅವ್ವಾ ಅಂದು ಹತ್ತ ವರ್ಷ ಆತು.”

ಹೇಳುತ್ತೇನೆ ಎಂದು ಅವಳ ಕೈ ಹಿಡಿದು ಅತ್ತುಬಿಟ್ಟೆ. ಕಬ್ಬು ಕಾರ್ಖಾನೆಗೆ ಹೋಗಲಿ, ನಮ್ಮವರ ತಲೆ ಹಗುರಾಗಲಿ ಎಂದುಕೊಂಡೆ. ಕಬ್ಬು ಹೋಯಿತು. ಮಗಳ ಪರೀಕ್ಷೆ ಮುಗಿಯಲಿ ಎಂದುಕೊಂಡೆ, ಅದೂ ಮುಗಿಯಿತು. ಅವರು ನಗುನಗುತ್ತ ಇದ್ದ ದಿನ ಯಾಕೆ ಕೆಡಿಸಲಿ ಅನಿಸುತ್ತಿತ್ತು, ಸಿಟ್ಟಿನಲ್ಲಿದ್ದ ದಿನ ಧೈರ್ಯವಾಗುತ್ತಿರಲಿಲ್ಲ. ಅತ್ತೆ ಮತ್ತೆ ಕೇಳಲಿಲ್ಲ. ಮಗ ಹೊಲದಿಂದ ಬಂದಾಗ ಮಾತ್ರ ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡಿ, ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದಳು.

ಮಳೆಗಾಲದಲ್ಲಿ ಜ್ವರ ಬಂದು ಎರಡೇ ದಿನದಲ್ಲಿ ತೀರಿಕೊಂಡಳು. ನಮ್ಮವರು ಕಣ್ಣೀರು ಹಾಕಲಿಲ್ಲ. ಎಲ್ಲ ವಿಧಿ ಸರಿಯಾಗಿ ಮಾಡಿದರು.

ದಿನಕರ್ಮ ಮುಗಿದು ಬೀಗರೆಲ್ಲ ಹೋದ ಮೇಲೆ ಊಟಕ್ಕೆ ಕೂತರು. ಅನ್ನ ಕಲಸುತ್ತ, ತಲೆ ಎತ್ತದೆ ಹೇಳಿದರು.

“ರುಕ್ಮಾ, ಏನರ ಆಗಲಿ, ಹಡದಾಕಿ ಅಕಿ. ಇವತ್ತಿಗಿ ನಾ ಅಕಿನ್ನ ಮಾಫ್ ಮಾಡೀನಿ.”

ಮಗಳು ಶಾಲೆಗೆ ಹೋಗಿದ್ದಳು, ಮನೆಯಲ್ಲಿ ನಾವಿಬ್ಬರೇ ಇದ್ದೆವು. ನನ್ನ ಬಾಯಲ್ಲಿ ಏನೂ ಇರಲಿಲ್ಲ.

“ಛಲೋ ಮಾಡಿದ್ರಿ” ಎಂದು ಅವರ ಗಂಗಾಳಕ್ಕೆ ಸಾರು ಹಾಕಿದೆ.