ಸೂಗಮ್ಮ ಇಸ್ ಸ್ಲೋ

ಇಂಗ್ಲಿಷ್ ಪದಕ್ಕೆ ಬರೀ ಅರ್ಥ ಹೇಳಿದರೆ ಸಾಲದು, ಕಣ್ಣೆದುರಿನ ಉದಾಹರಣೆ ಬೇಕು ಎಂಬುದು ಕರಿಬಸಯ್ಯ ಮಾಸ್ತರರ ಹಟ. ಎಂಬತ್ತೆಂಟರ ಮಳೆಗಾಲದಲ್ಲಿ, ಸಿಂಧನೂರು ಕಡೆಯ ಹಳ್ಳಿಯ ಶಾಲೆಯೊಂದರಲ್ಲಿ, ಆರನೆಯ ತರಗತಿಗೆ ಸ್ಲೋ ಎಂದರೆ ನಿಧಾನ ಎಂದರು. ಕಿಟಕಿಯಾಚೆಯ ಎಮ್ಮೆ ಸ್ಲೋ ಆಯಿತು. ತಾವು ಮಸ್ಕಿಯಿಂದ ದಿನಾ ಬರುವ ಬಸ್ಸೂ ಸ್ಲೋ ಆಯಿತು. ಅಷ್ಟರಲ್ಲಿ ಮನೆಗೆಲ್ಲ ಕಾಲುವೆ ನೀರು ತುಂಬಿಟ್ಟು, ಒದ್ದೆ ಲಂಗದಲ್ಲೇ ಓಡಿ ಬಂದ ಸೂಗಮ್ಮ ಬಾಗಿಲಲ್ಲಿ ನಿಂತಳು. ಉದಾಹರಣೆ ತಾನಾಗಿ ಬಂದು ನಿಂತಾಗ ಮಾಸ್ತರರ ನಾಲಿಗೆ ಸುಮ್ಮನಿರಬೇಕಲ್ಲ.

"ಸೂಗಮ್ಮ ಇಸ್ ಸ್ಲೋ," ಎಂದರು. ಇಡೀ ತರಗತಿ ಒಕ್ಕೊರಲಿನಿಂದ ಅದನ್ನೇ ಹೇಳಿತು. ಅಷ್ಟು ಚೆನ್ನಾಗಿ ತಲೆಗೆ ಹತ್ತಿದ ಪಾಠ ಆ ವರ್ಷ ಅದೊಂದೇ.

ಮಕ್ಕಳು ಅದನ್ನು ಮನೆಗೆ ಒಯ್ದರು, ತಾಯಂದಿರು ಗದ್ದೆಗೆ ಒಯ್ದರು. ನೆಲ್ಲು ಹಚ್ಚುವ, ಎಂದರೆ ನಾಟಿ ಮಾಡುವ, ಹೆಂಗಸರದು ಗುಂಪಿನ ಗುತ್ತಿಗೆ. ಸಾಲಿನಲ್ಲಿ ಒಬ್ಬಳು ಹಿಂದೆ ಬಿದ್ದರೆ ಎಲ್ಲರ ಕೆಲಸವೂ ಕೆಡುತ್ತದೆ. ಮಗಳನ್ನು ರಜೆಯ ದಿನ ಮಾತ್ರ ಸೇರಿಸಿಕೊಳ್ಳಿ ಎಂದು ಸೂಗಮ್ಮನ ತಾಯಿ ಕನಕಮ್ಮ ಕೇಳಿದಾಗ, ಗುಂಪಿನ ಹಿರಿಯಳು ಆದಮ್ಮ ಸ್ಲೋ ಹುಡುಗಿ ಬೇಡವೇ ಬೇಡ ಎಂದಳು.

ಕನಕಮ್ಮ ನೇರ ಶಾಲೆಗೆ ಬಂದಳು. "ನನ್ನ ಮಗಳಿಗೆ ಅದೇನೋ ಅಂದೀರಂತಲ್ರಿ ಮಾಸ್ತರ್ರ. ಅದನ್ನ ನೀವ ಬಂದು ಅಳಿಸ್ರಿ."

ಮಾಸ್ತರರಿಗೆ ಬುತ್ತಿ ಬಿಚ್ಚಲೂ ಮನಸ್ಸಾಗಲಿಲ್ಲ. ಮಗುವಿನ ಮೇಲೆ ನಾಲಿಗೆ ಹರಿಬಿಟ್ಟೆನಲ್ಲ ಎಂದು ಒಳಗೊಳಗೇ ಬೆಂದರು. ಆ ಸಂಜೆ ಚಪ್ಪಲಿ ಕೈಯಲ್ಲಿ ಹಿಡಿದು, ಬದುವಿನ ಮೇಲೆ ನಡೆದು ಗದ್ದೆಗೆ ಹೋದರು. ಹುಡುಗಿ ಚುರುಕಿದ್ದಾಳೆ, ತಪ್ಪು ತನ್ನದು ಎಂದು ಕೆಸರಲ್ಲಿ ನಿಂತ ಅಷ್ಟೂ ಹೆಂಗಸರೆದುರು ಹೇಳಿದರು.

ಆದಮ್ಮ ಸೊಂಟ ನೆಟ್ಟಗೆ ಮಾಡಿದಳು. "ಹಂಗಾರ ದಿನಾ ಬರ್ತಾಳೇನ್ರಿ? ಐತವಾರಕ್ಕೊಮ್ಮೆ ಬರೋರು ನಮಗ ಬ್ಯಾಡ್ರಿ."

"ಬರ್ತಾಳ," ಎಂದುಬಿಟ್ಟರು ಮಾಸ್ತರರು. ಅವರಿಗೆ ತಮ್ಮ ಎದೆಯ ಭಾರ ಇಳಿದರೆ ಸಾಕಾಗಿತ್ತು. ತಾನು ಏನೆಂದೆ ಎಂಬುದು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು.

ನಾಟಿ ಮುಗಿದರೂ ಸೂಗಮ್ಮ ಶಾಲೆಗೆ ಬರಲಿಲ್ಲ. ಗುಂಪು ಕಳೆ ಕೀಳಲು ಗೊರೇಬಾಳಕ್ಕೆ, ಕೊಯ್ಲಿಗೆ ಮುಕ್ಕುಂದಕ್ಕೆ ಹೋಯಿತು. ಮಾಸ್ತರರು ಮನೆಗೆ ಹೋಗಿ, ಹುಡುಗಿಯನ್ನು ಕಳಿಸವ್ವ ಎಂದು ಅಂಗಲಾಚಿದರು. ನೀವೇ ಮಾತು ಕೊಟ್ಟು ಸೇರಿಸಿದಿರಲ್ಲ, ನಿಮಗೆ ಪುಣ್ಯ ಬರಲಿ ಎಂದು ಕನಕಮ್ಮ ಕೈ ಮುಗಿದಳು.

ಪಾಠದಲ್ಲಿ ಫಾಸ್ಟ್ ಎಂಬ ಪದ ಬಂದ ದಿನ ಮಾಸ್ತರರು ಅರ್ಥವನ್ನಷ್ಟೇ ಹೇಳಿ, ಉದಾಹರಣೆ ಕೊಡದೆ ಪುಟ ತಿರುವಿದರು. ಮುಂದಿನ ಸಾಲಿನ ಗುರುಲಿಂಗಮ್ಮ ತಾನೇ ಎದ್ದು ನಿಂತಳು.

"ಸೂಗಮ್ಮ ಇಸ್ ಫಾಸ್ಟ್."

ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ. ಒಟ್ಟಿಗೆ ಹೇಳಲು ಇಡೀ ತರಗತಿ ಮಾಸ್ತರರ ಅಪ್ಪಣೆಗಾಗಿ ಕಾಯುತ್ತಿತ್ತು.