ದಾರಿಯಲ್ಲಿ ಕರೆದ ನಾಮಕರಣ

ಶೃಂಗೇರಿಯಲ್ಲಿ ಯಾತ್ರಿಕರಿಗೆ ಲಾಡ್ಜು ನಡೆಸುವ ಶಾಲಿನಿ, ಮಗಳ ನಾಮಕರಣಕ್ಕೆ ಅರಿಶಿನ ಕುಂಕುಮ ಹಿಡಿದು ಊರಲ್ಲೆಲ್ಲ ಮನೆಮನೆಗೆ ಹೋಗಿ ಕರೆದಿದ್ದಳು. ಕಿಗ್ಗದ ಕರಿಯಕ್ಕನಿಗೆ ಮಾತ್ರ, ಬಸ್‌ಸ್ಟ್ಯಾಂಡಿನ ಹತ್ತಿರ ಕಂಡಾಗ, ಕಾರಿನ ಕಿಟಕಿಯಿಂದಲೇ "ಬಾ ಕರಿಯಕ್ಕ" ಅಂದುಬಿಟ್ಟಳು. ಶಾಲಿನಿ ಹುಟ್ಟುವಾಗ ಹೆರಿಗೆ ಮಾಡಿಸಿ, ತಿಂಗಳುಗಟ್ಟಲೆ ಎಣ್ಣೆನೀರು ಹಾಕಿದ ಕೈ ಕರಿಯಕ್ಕನದು. ದಾರಿಯಲ್ಲಿ ಸಿಕ್ಕವರನ್ನು ದಾರಿಯಲ್ಲೇ ಕರೆಯುವುದು ಕರೆಯದೇ ಇರುವುದಕ್ಕಿಂತ ಕಡೆ ಎಂದು ಆ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ?

ಆದರೂ ಕರಿಯಕ್ಕ ಬಂದಳು. ಒಳಗೆ ಹೆಂಗಸರು ತೊಟ್ಟಿಲ ಸುತ್ತ ಕೂತು, ಕೂಸಿಗೆ ಒಳ್ಳೆ ಕಂಠ ಬರಲಿ, ಲೆಕ್ಕ ತಲೆಗೆ ಹತ್ತಲಿ ಎಂದು ಒಬ್ಬೊಬ್ಬರಾಗಿ ಹರಸುತ್ತಿದ್ದರು. ಶಾಲಿನಿಯ ಅತ್ತೆ ಸುಬ್ಬಮ್ಮ ಬಾಗಿಲಲ್ಲೇ ತಡೆದು, "ನಿಂಗೂ ಹೇಳಿದ್ರಾ?" ಎಂದರು. ಯಾರೋ ನಕ್ಕರು. ಶಾಲಿನಿ ಕೇಳಿಸಿಕೊಂಡೂ ತೊಟ್ಟಿಲ ಹೂವು ಸರಿಮಾಡುತ್ತ ಕೂತಳು.

"ಈ ಕೂಸು ದೊಡ್ಡದಾದಾಗ ಸೂಜಿ ಚುಚ್ಚಿ ನಿದ್ದೆ ಹೋಗ್ಲಿ," ಅಂದಳು ಕರಿಯಕ್ಕ. "ಮನೆಗೆ ಮನೆಯೇ ಮಲಗ್ಲಿ. ತಾಯಿ ಒಬ್ಬಳೇ ಎಚ್ಚರ ಇರ್ಲಿ."

ದೀಪದ ಕುಡಿಗಳು ಅಲುಗಾಡದೆ ನಿಂತವು. ಹೆಸರಿಡುವ ಮೊದಲೇ ಅವಳು ಹೊರಟುಹೋದಳು.

ಅಂದಿನಿಂದ ಶಾಲಿನಿ ಮನೆಗೆ ಸೂಜಿ ತರಲಿಲ್ಲ. ಹರಿದದ್ದೆಲ್ಲ ದರ್ಜಿಯ ಪಾಲು. ಆದರೆ ಲಾಡ್ಜೆಂದರೆ ಹತ್ತೂರಿನ ಚೀಲಗಳು ಬಂದಿಳಿಯುವ ಜಾಗ. ಪಿಯುಸಿ ಸೇರಿದ ವರ್ಷ ಮಗಳು ಯಾತ್ರಿಕರೊಬ್ಬರ ಅಂಗಿಗೆ ಗುಂಡಿ ಹಾಕಿಕೊಡಲು ಹೋಗಿ ಬೆರಳು ಚುಚ್ಚಿಕೊಂಡಳು. ಅಲ್ಲೇ ಮಂಚದ ಮೇಲೆ ಒರಗಿದಳು. ಸುಬ್ಬಮ್ಮ ಜಪಮಾಲೆ ಹಿಡಿದಲ್ಲೇ, ಯಾತ್ರಿಕರು ಬೀಗದ ಕೈ ಹಿಡಿದಲ್ಲೇ ತೂಕಡಿಸಿ ಮಲಗಿದರು. ಉಕ್ಕಿದ ಹಾಲು ಪಾತ್ರೆಯ ಅಂಚಿನಲ್ಲಿ ನಿಂತಿತು. ತುಂಗೆಯ ತಂಗಾಳಿ ಕೋಣೆಯಿಂದ ಕೋಣೆಗೆ ಸುಳಿದಾಡುತ್ತಿದ್ದರೆ, ಎಲ್ಲರ ಉಸಿರೂ ಅದರ ಜೊತೆಗೇ ಏಳುತ್ತ ಇಳಿಯುತ್ತ ಇತ್ತು. ಮಗಳನ್ನು ಕೂಗಿ ಕೂಗಿ ಶಾಲಿನಿಯ ಗಂಟಲು ಕಟ್ಟಿತು. ಕೊನೆಗೆ ಕುಂಕುಮದ ಬಟ್ಟಲು ಹಿಡಿದು ಕಿಗ್ಗದ ಬಸ್ಸು ಹತ್ತಿದಳು.

ಅಂಗಳ ಗುಡಿಸುತ್ತಿದ್ದ ಕರಿಯಕ್ಕ ಎಲ್ಲವನ್ನೂ ಕೇಳಿ, ಪೊರಕೆ ಬಿಟ್ಟು ಕೂತುಬಿಟ್ಟಳು.

"ಸಿಟ್ಟಲ್ಲಿ ಬಾಯಿಗೆ ಬಂದದ್ದು ಅಂದೆ ಮಗಾ. ವಾಪಸ್ ತಗೊಳ್ಳೋದು ನಂಗೆ ಬರಲ್ಲ."

ಶಾಪ ಬಿಡಿಸೆಂದು ಕೇಳಲೆಂದೇ ಬಂದಿದ್ದ ಶಾಲಿನಿಗೆ, ಆ ಮುದುಕಿಯ ಒದ್ದೆ ಕಣ್ಣು ನೋಡಿ ಕೇಳಲು ಬಾಯಿ ಬರಲಿಲ್ಲ.

"ಹಂಗಾದ್ರೆ ನಾಮಕರಣಕ್ಕಾದ್ರೂ ಬರಬೇಕು ನೀವು," ಎಂದು ಕುಂಕುಮ ಮುಂದೆ ಹಿಡಿದಳು. "ಅವತ್ತು ನಾನು ಕರೆದದ್ದು ಕರೆದ ಹಂಗಲ್ಲ."

ಕರಿಯಕ್ಕ ಹಣೆಗಿಟ್ಟುಕೊಂಡು, ಸೀರೆ ಬದಲಿಸಿ ಹೊರಟಳು.

ಮಲಗಿದವರನ್ನು ದಾಟಿಕೊಂಡು ಹೋಗಿ, ಹುಡುಗಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ತೊಟ್ಟಿಲ ಕೂಸಿನ ಕಿವಿಯಲ್ಲಿ ಹಿರಿಯರು ಹೆಸರು ಉಸುರುವಂತೆ ಬಗ್ಗಿದಳು. ಬಗ್ಗಿದವಳು ಹಾಗೇ ತಲೆಯೆತ್ತಿದಳು.

"ಹೆಸರು ಎಂತ ಇಟ್ಟಿದ್ದು? ನಂಗೆ ಯಾರೂ ಹೇಳ್ಲಿಲ್ಲ."

ಶಾಲಿನಿಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಯಿತು. ಅತ್ತುಕೊಂಡೇ ಹೇಳಿದಳು. ಕರಿಯಕ್ಕ ಆ ಹೆಸರನ್ನು ಹುಡುಗಿಯ ಕಿವಿಯಲ್ಲಿ ಮೆಲ್ಲಗೆ ಉಸುರಿದಳು: ಅರ್ಪಣಾ.

ಆಚೆ ಸುಬ್ಬಮ್ಮ ಕೆಮ್ಮಿದರು. ಮೇಲಿನ ಕೋಣೆಯಿಂದ ಯಾರೋ ಬಿಸಿನೀರು ಬಂತಾ ಎಂದು ಕೂಗಿದರು. ಅರ್ಪಣಾ ಕಣ್ಣು ಬಿಟ್ಟು, ತನ್ನ ಮೇಲೆ ಬಾಗಿದ ಮುಖವನ್ನು ನೋಡಿದಳು.

"ಅಮ್ಮಾ, ಯಾರು ಇವರು?"

"ನಿಂಗೆ ಹೆಸರಿಟ್ಟ ಅಜ್ಜಿ," ಎಂದಳು ಶಾಲಿನಿ, ಅತ್ತೆಗೂ ಕೇಳುವಂತೆ.