ಹೊಳೆ ದಾಟದ ಸಭೆ

ನಮ್ಮವರ ಸಭೆಯಲ್ಲಿ ಯಾವ ತೀರ್ಮಾನವಾಗಬೇಕಾದರೂ ಮೊದಲು ಹಿರಿಯ ಹೆಂಗಸೊಬ್ಬಳು ದಾರಿ ಹೇಳಬೇಕು: ನಾವು ಕನ್ನಡ ಸೀಮೆ ಬಿಟ್ಟು, ಹೊಳೆ ದಾಟಿ, ತಮಿಳು ಸೀಮೆಯ ಈ ಕೊಂಬೈಯ ಬೆಟ್ಟದ ಬುಡ ಸೇರಿದ ದಾರಿಯ ಕತೆ. ಅದು ಮುಗಿಯುವ ಮುಂಚೆ ಆಡಿದ ಯಾವ ಮಾತೂ ಊರಿನ ತೀರ್ಮಾನವಾಗದು. ಈಗ ಅದನ್ನು ಹೇಳುವವಳು ನನ್ನ ಅಜ್ಜಿ ಗೋವಿಂದಮ್ಮಾಳ್. ಅವಳ ಮಡಿಲಲ್ಲಿ ಮಲಗಿ ಆ ಹೊಳೆಯನ್ನು ನಾನು ಎಷ್ಟು ಸಲ ದಾಟಿದ್ದೇನೋ! ದಡದಲ್ಲಿ ನಿಂತ ನಮ್ಮವರಿಗಾಗಿ ಬಾಗಿ ಸೇತುವೆಯಾದ ಹೊಂಗೆಮರದ ತೊಗಟೆ ಈಗಲೂ ಅಂಗಾಲಿಗೆ ತಾಗುತ್ತದೆ.

ಕಳೆದ ಭಾನುವಾರ ಸಭೆ ಕರೆದವರು ದ್ರಾಕ್ಷಿ ತೋಟದ ರಾಜೇಂದ್ರನ್ ಮಾವ. ಒಡಿಶಾದವರು ಕೆಲಸಕ್ಕೆ ಬಂದಮೇಲೆ ನಮ್ಮ ಹೆಂಗಸರ ಕೂಲಿ ಇಳಿಯಿತು, ಇನ್ನು ಊರೊಳಗೆ ಯಾರೂ ಅವರಿಗೆ ಮನೆ ಕೊಡಕೂಡದು ಎಂಬುದು ಅವರ ವಾದ. ಹಾಗಾದರೆ ನಮ್ಮ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿರುವ ಮಿನತಿ ಕೂಸನ್ನೆತ್ತಿಕೊಂಡು ಅಂದೇ ಹೊರಡಬೇಕು. ಎಲ್ಲಿಗೆ? ಅದೇ ಮಾವನ ತೋಟದ ತಗಡಿನ ಶೆಡ್ಡಿಗೆ. ಕೆಲಸಕ್ಕೆ ಬೇಕು, ಊರಿಗೆ ಬೇಡ.

ನನಗೆ ಮೈ ಉರಿಯಿತು. ಕೂಲಿ ಇಳಿಸಿದ ಕೈ ಮಿನತಿಯದೇ? ಹತ್ತು ವರ್ಷದಿಂದ ಅಲ್ಲಿ ಗೊಂಚಲು ಕೊಯ್ಯುವ ಓಚ್ಚಮ್ಮಾಳಿಗೆ ‘ಅವರು ಕಮ್ಮಿಗೆ ಬರ್ತಾರೆ’ ಎಂದವರೂ, ಮಿನತಿಗೆ ‘ನಿನಗಿಷ್ಟೇ’ ಎಂದವರೂ ಒಬ್ಬರೇ, ಇದೇ ಮಾವ.

ಹೊತ್ತಾಯಿತು, ದಾರಿ ಬೇಗ ಮುಗಿಯಲಿ ಎಂದರು ಮಾವ. ಅಜ್ಜಿ ಶುರುಮಾಡಿದಳು. ಬೆನ್ನಟ್ಟಿದ ಕುದುರೆಗಳು, ತಲೆಯ ಮೇಲಿನ ಬೀಜದ ಗಂಟು, ತುಂಬಿದ ಹೊಳೆ. ದಡದಲ್ಲಿ ಎಲ್ಲರನ್ನೂ ನಿಲ್ಲಿಸಿ, ಸುಮ್ಮನೆ ಎಲೆಗೆ ಸುಣ್ಣ ಹಚ್ಚತೊಡಗಿದಳು.

“ಮುಂದಕ್ಕೆ ಹೇಳು ದೊಡ್ಡವ್ವಾ,” ಎಂದರು ಮಾವ.

“ಮರ ಬಾಗ್ತಾ ಇಲ್ಲ ರಾಜೇಂದ್ರಾ. ಆ ಹೆಣ್ಣಿಗೆ ಎಷ್ಟು ಕೊಡ್ತೀಯ, ನಮ್ಮ ಓಚ್ಚಮ್ಮಾಳಿಗೆ ಮುಂಚೆ ಎಷ್ಟು ಕೊಡ್ತಿದ್ದೆ ಅಂತ ಕೇಳ್ತದೆ. ನೀ ಹೇಳು, ಅದು ಬಾಗ್ತದೆ.”

ಹಿಂದೆ ಯಾರೋ ನಕ್ಕರು. ಅದು ವ್ಯಾಪಾರದ ವಿಷಯ ಎಂದು ಮಾವ ಗದರಿದರು. ಆಗ ಓಚ್ಚಮ್ಮಾಳ್ ಎದ್ದು ನಿಂತಳು.

“ಅವಳ್ಗೂ ನನ್ನ ಹಳೇ ಕೂಲಿನೇ ಕೊಡಣ್ಣಾ. ಆಮೇಲೆ ಯಾರ್ನ ಕರೀತೀಯೋ ನೋಡಾಣ.”

ಮಾವ ಲೆಕ್ಕ ಹೇಳದೆ ಪಂಚೆ ಕೊಡವಿ ಎದ್ದುಹೋದರು. ದಾರಿ ಮುಗಿಯಲಿಲ್ಲ, ತೀರ್ಮಾನವೂ ಆಗಲಿಲ್ಲ.

ಇವತ್ತಿಗೆ ಐದು ದಿನ. ಮಿನತಿ ನಮ್ಮ ಹಿತ್ತಲಲ್ಲೇ ಇದ್ದಾಳೆ. ಬೆಳಗಾದರೆ ಅವಳೂ ಓಚ್ಚಮ್ಮಾಳೂ ಕತ್ತರಿಗಳನ್ನು ಮಡಿಲಲ್ಲಿಟ್ಟುಕೊಂಡು ಆ ತೋಟದ ಬದುವಿನ ಮೇಲೆ ಕೂರುತ್ತಾರೆ. ಹಳೇ ಕೂಲಿ ಸಿಗುವ ತನಕ ಯಾರೂ ಕೊಯ್ಲಿಗಿಳಿಯುತ್ತಿಲ್ಲ; ಒಳಗೆ ಹಣ್ಣು ಬಿರಿದು ಜೇನು ಮುತ್ತಿದೆ. ದಾರಿ ಮುಗಿಸಿಕೊಡಿ ಎಂದು ಮಾವ ಇವತ್ತು ಮತ್ತೆ ಆಳು ಕಳಿಸಿದ್ದರು.

“ನಮ್ಮೋರೆಲ್ಲ ಇನ್ನೂ ದಡದಲ್ಲೇ ನಿಂತವ್ರೆ,” ಎಂದಳು ಅಜ್ಜಿ. “ಕಾಲು ನೋಯ್ತದಂತೆ. ಕೂಲಿ ಲೆಕ್ಕ ಹೇಳೋಕೆ ರಾಜೇಂದ್ರನ್ನೇ ಬೇಗ ಬರಹೇಳು.”